ಬಿಗಿ ಹಿಡಿದ ಎಳೆ

ಮೊಳಕಾಲ್ಮೂರಿನ ರೇಷ್ಮೆ ಸೀರೆಗೂ ವರವು ಕಾವಲಿನ ರನ್‌ವೇಗೂ ನಂಟಿದೆ ಎಂದರೆ ನಿಮ್ಮಲ್ಲಿ ಕೆಲವರು ನಗಬಹುದು. ಡಿಆರ್‌ಡಿಓದ ವೈಮಾನಿಕ ಪರೀಕ್ಷಾ ಕೇಂದ್ರ ಆ ಕಾವಲಿನಲ್ಲಿ ಉದ್ಘಾಟನೆಯಾದದ್ದು 2017ರಲ್ಲಿ. 2023ರ ಡಿಸೆಂಬರಿನಲ್ಲಿ ಬಾಲವೇ ಇಲ್ಲದ, ಬಾಣದ ಮೊನೆಯಂಥ ಪೈಲಟ್‌ರಹಿತ ವಿಮಾನವೊಂದನ್ನು ಹಾರಿಸಿ ನೋಡಿದರು. ಅದರ ಮೈ ಕಾರ್ಬನ್ ನಾರಿನದು. ಅಮೃತಮಹಲ್ ದನ ಮೇಯುತ್ತಿದ್ದ ಕಾವಲಿಗೆ ಬೇಲಿ ಬಿದ್ದ ಸಂಕಟ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆ ಜಗಳ ಸಣ್ಣದಲ್ಲ, ಆದರೆ ಇವತ್ತು ನನ್ನ ಪಾಲಿಗೆ ಬಂದಿರುವುದು ನಾರಿನ ಮಾತು.

ಮೊದಲು ರೇಷ್ಮೆ. ಹುಳುವಿನ ಹೊಟ್ಟೆಯಲ್ಲಿರುವುದು ಫೈಬ್ರೋಯಿನ್ ಎಂಬ ಪ್ರೋಟೀನಿನ ಅಂಟುದ್ರವ. ಗ್ಲೈಸಿನ್, ಅಲನಿನ್ ಎಂಬ ಪುಟ್ಟ ಅಣುಗಳು ಸಾಲುಗಟ್ಟಿದ ಉದ್ದನೆಯ ಸರಪಳಿಗಳು ಅದರಲ್ಲಿ ಸಿಕ್ಕುಸಿಕ್ಕಾಗಿ ಬಿದ್ದಿರುತ್ತವೆ. ಹುಳು ಈ ದ್ರವವನ್ನು ಬರೀ ಉಗುಳುವುದಿಲ್ಲ. ತುದಿಯನ್ನು ಒಂದು ಕಡೆ ಅಂಟಿಸಿ, ತಲೆ ಆಡಿಸುತ್ತಾ ಎಳೆಯುತ್ತದೆ. ಎಳೆದಾಗ ಸರಪಳಿಗಳು ಒಂದೇ ದಿಕ್ಕಿಗೆ ಮಲಗಿ, ಪಕ್ಕದವನ್ನು ಹೈಡ್ರೋಜನ್ ಬಂಧಗಳಿಂದ ಹಿಡಿದುಕೊಳ್ಳುತ್ತವೆ. ನೂಲು ಬಿಚ್ಚುವವರು ಗೂಡನ್ನು ಕುದಿನೀರಿಗೆ ಹಾಕುತ್ತಾರಲ್ಲ, ಆಗ ಹೊರಗಿನ ಸೆರಿಸಿನ್ ಅಂಟು ಸಡಿಲವಾಗುತ್ತದೆ, ಎಳೆ ಮಾತ್ರ ಕರಗುವುದಿಲ್ಲ. ಅಷ್ಟು ಒತ್ತೊತ್ತಾಗಿ ಕೂತ ಸರಪಳಿಗಳನ್ನು ಬಿಡಿಸುವುದು ನೀರಿಗೆ ಆಗದು.

1965ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವೊಲೆಕ್ ಕೆವ್ಲಾರ್ ಎಂಬ ಗಟ್ಟಿ ನಾರಿಗೆ ದಾರಿ ಮಾಡಿಕೊಟ್ಟಾಗಲೂ ಗುಟ್ಟು ಇದೇ: ಬಾಗದ ಸರಪಳಿಗಳು, ಒಂದೇ ದಿಕ್ಕು.

ಕಾರ್ಬನ್ ನಾರು ಇನ್ನೂ ಹಟಮಾರಿ. ಅದರ ಮೂಲ ಸಾಮಾನ್ಯವಾಗಿ ಪಾಲಿಅಕ್ರಿಲೋನೈಟ್ರೈಲ್, ಅಂದರೆ ನಮ್ಮ ಅಗ್ಗದ ಸ್ವೆಟರಿನ ಅಕ್ರಿಲಿಕ್ ನೂಲಿನ ಹತ್ತಿರದ ಸಂಬಂಧಿ. ಅದನ್ನು ಗಾಳಿಯಲ್ಲಿ 200ರಿಂದ 300 ಡಿಗ್ರಿವರೆಗೆ ಕಾಯಿಸಿದಾಗ ಸರಪಳಿ ಏಣಿಯ ರೂಪ ತಾಳುತ್ತದೆ. ಆಮೇಲೆ ನೈಟ್ರೋಜನ್ ತುಂಬಿದ ಕುಲುಮೆಯಲ್ಲಿ 1000 ಡಿಗ್ರಿ ದಾಟಿಸಿದರೆ ಉಳಿಯುವುದು ಹೆಚ್ಚುಕಡಿಮೆ ಬರೀ ಇಂಗಾಲ. ಗಾಳಿಯಲ್ಲಿ ಕಾಯಿಸುವಾಗ ನಾರನ್ನು ಜಗ್ಗಿ ಹಿಡಿದಿರಲೇಬೇಕು. ಸಡಿಲ ಬಿಟ್ಟರೆ ಮುದುಡಿ, ಸಾಲು ಕೆಟ್ಟು, ಬಲ ಹೋಗುತ್ತದೆ. ಹಾಸಿನ ಬಿಗಿ ತಪ್ಪಿದರೆ ಏನಾಗುತ್ತದೆಂದು ನೇಕಾರರಿಗೆ ನಾನು ಹೇಳಬೇಕೆ?

ಇಷ್ಟಾದರೂ ಕಾರ್ಬನ್ ನಾರಿಗೊಂದು ಕೆಟ್ಟ ಗುಣ. ಲೋಹಕ್ಕೆ ಪೆಟ್ಟು ಬಿದ್ದರೆ ತಗ್ಗು ಕಾಣುತ್ತದೆ. ಕಾರ್ಬನ್ ಪದರಗಳು ಮೇಲೆ ನುಣ್ಣಗಿದ್ದುಕೊಂಡೇ ಒಳಗೆ ಬಿಟ್ಟುಕೊಂಡಿರಬಹುದು. ಅದಕ್ಕೇ ಆ ವಿಮಾನದ ಮೈಯೊಳಗೆ ಅದರ ಆರೋಗ್ಯ ನೋಡುವ ನಾರುಗಳನ್ನೂ ಹುದುಗಿಸಿದ್ದಾರೆ. ಇಂಥ ವ್ಯವಸ್ಥೆಯಲ್ಲಿ ಗಾಜಿನ ನಾರಿನೊಳಗೆ ಬೆಳಕು ಹರಿಸುತ್ತಾರೆ. ರೆಕ್ಕೆ ಒಂದಿಷ್ಟು ಹಿಗ್ಗಿದರೂ ಮರಳಿ ಬರುವ ಬೆಳಕಿನ ತರಂಗಾಂತರ ಬದಲಾಗುತ್ತದೆ.

ಆ ಬದಲಾವಣೆಯನ್ನು ಓದುವುದು ಸೆಮಿಕಂಡಕ್ಟರ್. ಸೋಲಾರ್ ಫಲಕದಲ್ಲಿರುವ ಸಿಲಿಕಾನ್ ಇಲ್ಲಿ ಕೆಲಸಕ್ಕೆ ಬಾರದು. ಗಾಜಿನ ನಾರಿನಲ್ಲಿ ಸಾಮಾನ್ಯವಾಗಿ ಬಳಸುವುದು 1550 ನ್ಯಾನೋಮೀಟರಿನ ಬೆಳಕು. ಅದರ ಒಂದು ಕಣದ ಶಕ್ತಿ 0.8 ಎಲೆಕ್ಟ್ರಾನ್ ವೋಲ್ಟ್. ಸಿಲಿಕಾನ್ ಎಚ್ಚರಗೊಳ್ಳಲು 1.1 ಬೇಕು. ಹಾಗಾಗಿ ಇಂಡಿಯಂ, ಗ್ಯಾಲಿಯಂ, ಆರ್ಸೆನಿಕ್ ಮೂರನ್ನೂ ಅಳತೆಯಿಟ್ಟು ಬೆರೆಸಿ ಹರಳು ಬೆಳೆಸುತ್ತಾರೆ. ಅಳತೆ ಬದಲಿಸಿದರೆ ಅದು ಕಾಣುವ ಬೆಳಕೂ ಬದಲಾಗುತ್ತದೆ.