ಅಹಮದಾಬಾದಿನ ಅತ್ತೆ, ಮಂಗಳೂರಿನ ಸೊಸೆ



ಸ್ಯಾಟಲೈಟ್ ಬಡಾವಣೆಯ ನಮ್ಮ ಕನ್ನಡ ಮನೆಗಳಲ್ಲಿ ‘ಗುಜರಾತಿಗೂ ನಮಗೂ ಏನು ನಂಟು?’ ಎಂದು ಮಕ್ಕಳು ಕೇಳಿದರೆ ಆಳ್ವ ಮನೆತನದ ಕಥೆ ಹೇಳಿ.

ವಯೊಲೆಟ್ ಆಳ್ವ ಹುಟ್ಟಿದ್ದು 1908ರಲ್ಲಿ, ಇದೇ ಅಹಮದಾಬಾದಿನಲ್ಲಿ. ಕೈಹಿಡಿದದ್ದು ನಮ್ಮ ಕರಾವಳಿಯ ಜೋಕಿಂ ಆಳ್ವರನ್ನು. 1952ರಲ್ಲಿ ಪತಿ ಲೋಕಸಭೆಗೆ, ಪತ್ನಿ ರಾಜ್ಯಸಭೆಗೆ. 1962ರಲ್ಲಿ ವಯೊಲೆಟ್ ರಾಜ್ಯಸಭೆಯ ಉಪಸಭಾಪತಿಯಾದರು; ಆ ಸ್ಥಾನಕ್ಕೇರಿದ ಮೊದಲ ಮಹಿಳೆ.

ಅವರ ಸೊಸೆ, 1942ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ. ಕಾನೂನು ಓದಿದವರು. 1974ರಿಂದ ಸತತ ನಾಲ್ಕು ಅವಧಿ ರಾಜ್ಯಸಭೆಯಲ್ಲಿದ್ದರು. 1999ರಲ್ಲಿ, ಹಿಂದೆ ಮಾವ ಗೆದ್ದಿದ್ದ ಉತ್ತರ ಕನ್ನಡದಿಂದಲೇ ಲೋಕಸಭೆಗೆ ಹೋದರು. ಮನೆತನದ ಹೆಸರು ನೆರವಾಗಿರಬಹುದು. ಆದರೆ 2004ರಲ್ಲಿ ಅದೇ ಕ್ಷೇತ್ರದ ಜನ ಅವರನ್ನು ಸೋಲಿಸಿದರು.

ಮುಂದೆ 2009ರಲ್ಲಿ ಉತ್ತರಾಖಂಡದ ಮೊದಲ ಮಹಿಳಾ ರಾಜ್ಯಪಾಲರಾದರು. 2012ರಲ್ಲಿ ರಾಜಸ್ಥಾನಕ್ಕೆ ಬಂದರು. 2014ರ ಜುಲೈನಲ್ಲಿ ಕೆಲವೇ ದಿನ ಗುಜರಾತಿನ ಹೆಚ್ಚುವರಿ ಹೊಣೆಯೂ ಅವರದಾಯಿತು. ಅತ್ತೆಯ ಹುಟ್ಟುನಾಡಿಗೆ ಸೊಸೆ ರಾಜ್ಯಪಾಲೆ!

2022ರಲ್ಲಿ ಉಪರಾಷ್ಟ್ರಪತಿ ಸ್ಥಾನಕ್ಕೆ ಸ್ಪರ್ಧಿಸಿದರು. ಗೆದ್ದಿದ್ದರೆ, ಅತ್ತೆ ಉಪಸಭಾಪತಿಯಾಗಿದ್ದ ಸದನಕ್ಕೆ ಸೊಸೆ ಸಭಾಪತಿ. ಗೆಲುವು ಜಗದೀಪ್ ಧನಕರ್ ಅವರದಾಯಿತು.

ಹೆಸರು ಮನೆಯಿಂದ ಬರುತ್ತದೆ, ಬಂಧುಗಳೇ. ದುಡಿಮೆಯನ್ನು, ಸೋಲನ್ನೂ ಸಹ, ಪ್ರತಿ ತಲೆಮಾರು ತಾನೇ ಹೊರಬೇಕು.