ಗೋವೆಯ ಕಡಲದಂಡೆ: ನಷ್ಟ ಯಾರಿಗೆ, ದಂಡ ಯಾರಿಗೆ?



ಗೋವೆಗೆ ಪ್ರವಾಸಿಗಳು ಕಡಿಮೆಯಾದರೆ ನಮಗೇನು ಎಂದು ಕೇಳುವವರಿದ್ದಾರೆ. ಕಲಂಗೂಟ್, ಬಾಗಾ ದಂಡೆಗಳಲ್ಲಿ ಮಣಿಸರ, ಬಟ್ಟೆ ಹೊತ್ತು ಮಾರುವ ಹೆಂಗಸರಲ್ಲಿ ಎಷ್ಟೋ ಮಂದಿ ಉತ್ತರ ಕರ್ನಾಟಕದ ಲಂಬಾಣಿ ತಾಂಡಾಗಳವರು. ಗೋವೆಯ ಅಡಿಗೆಮನೆಗಳಿಗೆ ಕಾಯಿಪಲ್ಲೆ ಹೋಗುವುದು ಬೆಳಗಾವಿಯಿಂದ.

ಪ್ರವಾಸಿಗಳು ಹೆಚ್ಚಿದ್ದಾರೆ, 2024ರಲ್ಲಿ 1 ಕೋಟಿ ದಾಟಿದ್ದಾರೆ ಎನ್ನುತ್ತದೆ ಸರಕಾರ. ನಿಜವೇ. ಆದರೆ 2019ರಲ್ಲಿ 9 ಲಕ್ಷಕ್ಕೂ ಮೇಲಿದ್ದ ವಿದೇಶಿಯರು 2024ರಲ್ಲಿ 5 ಲಕ್ಷವನ್ನೂ ಮುಟ್ಟಲಿಲ್ಲ. ವಾರಗಟ್ಟಲೆ ಉಳಿದು ದಂಡೆಯಲ್ಲಿ ಕೊಳ್ಳುತ್ತಿದ್ದವರು ಅವರು. ಶನಿವಾರ ಬಂದು ಸೋಮವಾರ ಹೋಗುವವರಿಂದ ಆ ನಷ್ಟ ತುಂಬದು.

ಕಾರಣವೇನು? 2019ರಲ್ಲಿ ಬ್ರಿಟನ್ನಿನ ಥಾಮಸ್ ಕುಕ್ ಪ್ರವಾಸ ಕಂಪನಿ ದಿವಾಳಿಯೆದ್ದಿತು. 2020ರಲ್ಲಿ ಕೋವಿಡ್ ವಿಮಾನಗಳನ್ನು ನಿಲ್ಲಿಸಿತು. 2022ರಲ್ಲಿ ಯುಕ್ರೇನ್ ಯುದ್ಧ ರಷ್ಯದ ಪ್ರವಾಸಿಗಳಿಗೆ ಅಡ್ಡವಾಯಿತು. ಇತ್ತ ಕೋಣೆಯ ಬಾಡಿಗೆ, ಟ್ಯಾಕ್ಸಿಯ ದರ ಏರಿದವು. ಅತ್ತ ಥಾಯ್ಲೆಂಡ್, ವಿಯೆಟ್ನಾಮ್ ವೀಸಾ ಸಡಿಲಿಸಿ ಕರೆದವು.

ಇದರಲ್ಲಿ ಮಣಿಸರ ಮಾರುವ ತಾಯಿಯ ತಪ್ಪೇನು? ಆದರೂ 2025ರಲ್ಲಿ ಗೋವಾ ಸರಕಾರ ಕಾಯಿದೆ ತಿದ್ದಿ, ಪ್ರವಾಸಿಗಳಿಗೆ ಅಡ್ಡಿಯಾಗುವಂತೆ ತಿರುಗಿ ಮಾರುವುದನ್ನೂ ಉಪದ್ರವದ ಪಟ್ಟಿಗೆ ಸೇರಿಸಿ, ದಂಡವನ್ನು 1 ಲಕ್ಷ ರೂಪಾಯಿವರೆಗೆ ಏರಿಸಿತು. ಅವಳ ಬುಟ್ಟಿಯ ಸರಕೆಲ್ಲ ಮಾರಿದರೂ ಅಷ್ಟಾಗದು.

ಪ್ರವಾಸಿಯನ್ನು ಕಾಡುವುದು ಸರಿಯೆಂದು ನಾವು ಹೇಳುತ್ತಿಲ್ಲ. 2014ರ ಕಾಯಿದೆ ಪಟ್ಟಣದ ಬೀದಿ ವ್ಯಾಪಾರಿಗೆ ಎಣಿಕೆ, ಪ್ರಮಾಣಪತ್ರ, ಮಾರಲು ಜಾಗ ಇವನ್ನು ಒಪ್ಪಿದೆ. ಮರಳಿನ ಮೇಲೆ ನಡೆದು ಮಾರುವವಳಿಗೂ ಅದೇ ನ್ಯಾಯ ಸಿಗಲಿ ಎಂಬ ಠರಾವನ್ನು ಎರಡೂ ಸರಕಾರಗಳ ಮುಂದಿಡೋಣ.