ಯಾರದು?



ರಾತ್ರಿ ಊಟದ ಹೊತ್ತಿಗೆ ಯಾರೋ ಬಾಗಿಲು ತಟ್ಟುತ್ತಾರೆ. ಒಳಗಿನಿಂದ ನಾವು ಕೂಗುತ್ತೇವೆ: 'ಯಾರದು?' ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಿ. ಯಾರು, ಅದು. 'ಯಾರು' ಎಂಬುದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ, 'ಅದು' ಎಂಬುದಕ್ಕೂ ಇಲ್ಲ. ಹೊರಗೆ ನಿಂತವರ ಮುಖ ಕಾಣುವ ತನಕ ಕನ್ನಡ ಅವರ ಬಗ್ಗೆ ಏನನ್ನೂ ತೀರ್ಮಾನ ಮಾಡುವುದಿಲ್ಲ. ಬಾಗಿಲು ತೆಗೆದದ್ದೇ ತಡ, ಅಡುಗೆಮನೆಯತ್ತ ತಿರುಗಿ ಹೇಳುತ್ತೇವೆ: 'ಸುಬ್ಬಣ್ಣ ಬಂದಿದ್ದಾನೆ', 'ಗೌರಿ ಬಂದಿದ್ದಾಳೆ', 'ಮೇಷ್ಟ್ರು ಬಂದಿದ್ದಾರೆ', 'ಪಕ್ಕದ ಮನೆ ಮಗು ಬಂದಿದೆ'. ಬಂದದ್ದು ಒಂದೇ ಬಾಗಿಲಿಗೆ. ಕ್ರಿಯಾಪದಕ್ಕೆ ಮಾತ್ರ ನಾಲ್ಕು ಬಗೆಯ ಕೊನೆ.

ಆದರೆ ಬಂದವರು ತಮ್ಮ ಬಗ್ಗೆ ಏನು ಹೇಳುತ್ತಾರೆ? 'ನಾನು ಬಂದೆ' ಅನ್ನುತ್ತಾರೆ, ಅಷ್ಟೇ. ಸುಬ್ಬಣ್ಣನೂ ಬಂದೆ, ಗೌರಿಯೂ ಬಂದೆ. ಹಿಂದಿಯಲ್ಲಿ ಗಂಡಸು 'ಆಯಾ' ಅನ್ನುತ್ತಾನೆ, ಹೆಂಗಸು 'ಆಯೀ' ಅನ್ನುತ್ತಾಳೆ. ತಾನು ಯಾರೆಂಬುದನ್ನು ಅವರವರೇ ಬಾಯಾರೆ ಹೇಳಬಹುದು. ಕನ್ನಡದಲ್ಲಿ ಒಬ್ಬ ವ್ಯಕ್ತಿ ಬದುಕಿಡೀ 'ನಾನು, ನಾನು' ಎಂದು ಮಾತಾಡಿದರೂ ಒಮ್ಮೆಯೂ ಕ್ರಿಯಾಪದದಲ್ಲಿ ಗಂಡೆಂದೋ ಹೆಣ್ಣೆಂದೋ ತೋರಿಸಿಕೊಳ್ಳಲು ಬರುವುದಿಲ್ಲ. ಅದು ಬರುವುದು ಇನ್ನೊಬ್ಬರ ಬಾಯಲ್ಲಿ. ನಾನು ಅವನೋ ಅವಳೋ ಎಂಬುದು ನೀವು ನನ್ನ ಬಗ್ಗೆ ಮಾತಾಡುವಾಗ ಗೊತ್ತಾಗಬೇಕು. ಇವತ್ತು ನಾನು ಹೇಳಹೊರಟ ಕಥೆ ಇರುವುದೇ ಈ ಸಂಗತಿಯಲ್ಲಿ: ಕನ್ನಡದಲ್ಲಿ ನಮ್ಮ ಸರ್ವನಾಮವನ್ನು ಕಾಯುವವರು ನಮ್ಮ ಸುತ್ತಲಿನವರು.

ಈ ವಿಷಯಕ್ಕೆ ನಮ್ಮ ವ್ಯಾಕರಣಕಾರರು ಬಹಳ ಹಿಂದೆಯೇ ತಲೆಕೆಡಿಸಿಕೊಂಡಿದ್ದರು. ಸುಮಾರು 1260ರ ಹೊತ್ತಿನ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಲಿಂಗವನ್ನು ಮೂರಕ್ಕೆ ನಿಲ್ಲಿಸದೆ ಒಂಬತ್ತು ಬಗೆಯಾಗಿ ಎಣಿಸಿದ್ದಾನೆ. ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಓದಿದವರಿಗೆ ಅವುಗಳಲ್ಲಿ ಕೆಲವು ನೆನಪಿರಬಹುದು. ಸೂರ್ಯ ಮೂಡಿದನು ಎನ್ನಬಹುದು, ಮೂಡಿತು ಎಂದೂ ಎನ್ನಬಹುದು; ಅದು ಪುನ್ನಪುಂಸಕ. ಹುಡುಗಿ ಬಂದಳು, ಹುಡುಗಿ ಬಂತು, ಅದು ಸ್ತ್ರೀನಪುಂಸಕ. ಮಗು, ಕೂಸು, ಶಿಶು ಎಂದೆಂದಿಗೂ ನಪುಂಸಕ. ಇನ್ನು ನಾನು, ನೀನು, ತಾನು ಇವೆಯಲ್ಲ, ಇವು ಯಾರಿಗೆ ಅನ್ವಯಿಸುತ್ತವೋ ಅವರ ಲಿಂಗವನ್ನೇ ಪಡೆಯುತ್ತವೆ. ಇವಕ್ಕೆ ವಾಚ್ಯಲಿಂಗ ಎಂದು ಹೆಸರು. ಸಂಸ್ಕೃತದಲ್ಲಿ ಹೆಂಡತಿ ಎಂಬ ಅರ್ಥದ 'ದಾರ' ಪುಲ್ಲಿಂಗ, 'ಕಳತ್ರ' ನಪುಂಸಕ. ಅಲ್ಲಿ ಲಿಂಗ ಅಂಟಿಕೊಂಡಿರುವುದು ಶಬ್ದಕ್ಕೆ. ಕನ್ನಡದಲ್ಲಿ ಅರ್ಥ ನೋಡಬೇಕು, ಎದುರಿಗಿರುವ ಜೀವವನ್ನು ನೋಡಬೇಕು. ಮೂರು ಪೆಟ್ಟಿಗೆಯಲ್ಲಿ ಎಲ್ಲವೂ ಹಿಡಿಸುವುದಿಲ್ಲ ಎಂಬುದು ಹದಿಮೂರನೆಯ ಶತಮಾನದ ವಿದ್ವಾಂಸನಿಗೆ ಕಂಡಿತ್ತು ಎಂಬುದೇ ನನಗೆ ದೊಡ್ಡ ಸಂತೋಷ.

ನೆರೆಯ ಭಾಷೆಗಳ ಕಡೆ ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ತೆಲುಗಿನಲ್ಲಿ ಏಕವಚನದಲ್ಲಿ ಹುಡುಗಿಯೂ 'ವಚ್ಚಿಂದಿ', ಹಸುವೂ 'ವಚ್ಚಿಂದಿ'. ಗಂಡಸಿಗೊಂದು ರೂಪ, ಮಿಕ್ಕೆಲ್ಲದಕ್ಕೂ ಒಂದು ರೂಪ. ಕನ್ನಡ, ತಮಿಳುಗಳಲ್ಲಿ 'ಅವಳು' ಎಂಬುದಕ್ಕೆ ಬೇರೆಯೇ ಜಾಗವಿದೆ. ಹಾಗೆಂದು ಕನ್ನಡವೆಲ್ಲ ಒಂದೇ ಎಂದುಕೊಳ್ಳಬೇಡಿ. ದಕ್ಷಿಣ ಕನ್ನಡ, ಕಾಸರಗೋಡು ಕಡೆಯ ಹವ್ಯಕರ ಮನೆಗೆ ಹೋಗಿ ಕೂತರೆ 'ಅಕ್ಕ ಬಂತು', 'ಅತ್ತೆ ಹೇಳಿತ್ತು' ಎಂಬ ಮಾತು ಕಿವಿಗೆ ಬೀಳುತ್ತದೆ. ಹೊರಗಿನವರು ಬೆಚ್ಚುತ್ತಾರೆ. ಆ ಮನೆಯವರಿಗೆ ಅದರಲ್ಲಿ ಎಳ್ಳಷ್ಟೂ ಅಗೌರವ ಕಾಣುವುದಿಲ್ಲ. ಬಯಲುಸೀಮೆಯಲ್ಲೂ ಅಜ್ಜಿಯರು 'ಪಾಪ, ಅದಕ್ಕೆ ಹಸಿವಾಗೈತೆ' ಎಂದು ಬೆಳೆದ ಮೊಮ್ಮಗಳ ಬಗ್ಗೆ ಅಂದರೆ ಆ 'ಅದು' ಎಂಬುದರಲ್ಲಿ ಇರುವುದೆಲ್ಲ ಅಕ್ಕರೆ. ನಾವೆಲ್ಲರೂ ಹುಟ್ಟಿದಾಗ 'ಅದು'ವೇ ಆಗಿದ್ದೆವು. ಮಗು ಅತ್ತಿತು, ಮಗು ಹಾಲು ಕುಡಿಯಿತು. ಹೆಸರಿಡುವುದಕ್ಕೆ ನಾಮಕರಣವಿದೆ, 'ಅದು' ಹೋಗಿ 'ಅವಳು' ಆಗುವ ದಿನಕ್ಕೆ ಯಾವ ಶಾಸ್ತ್ರವೂ ಇಲ್ಲ. ಯಾವಾಗಲೋ ಸದ್ದಿಲ್ಲದೆ ಆಗಿಬಿಡುತ್ತದೆ.

ಈಗ 'ಅವರು' ಎಂಬ ಮಾತಿಗೆ ಬರೋಣ. ಹಳಗನ್ನಡದ 'ಅವರ್' ಮೂಲತಃ ಬಹುವಚನ. ಕನ್ನಡದಲ್ಲಿ ಮನುಷ್ಯರು ಒಬ್ಬರಿಗಿಂತ ಹೆಚ್ಚಾದ ಕೂಡಲೇ ಲಿಂಗ ಕಳಚಿಕೊಳ್ಳುತ್ತದೆ. ಎಣಿಕೆಯನ್ನೇ ನೋಡಿ: ಒಬ್ಬ, ಒಬ್ಬಳು, ಎರಡನೆಯವರು ಬಂದರೋ ಇಬ್ಬರು, ಆಮೇಲೆ ಮೂವರು, ನಾಲ್ವರು. ಗಂಡೋ ಹೆಣ್ಣೋ ಯಾರೂ ಕೇಳುವುದಿಲ್ಲ. ಈ ಬಹುವಚನವನ್ನೇ ಒಬ್ಬ ವ್ಯಕ್ತಿಗೆ ಗೌರವಕ್ಕಾಗಿ ಹಚ್ಚುವ ರೂಢಿ ಹಳೆಯದು. ಶಾಸನಗಳಲ್ಲಿ ಮುನಿಗಳು, ಗುರುಗಳು 'ಭಟಾರರ್' ಆಗಿ ಬರುತ್ತಾರೆ. ಹಾಗಾಗಿ ಕನ್ನಡದಲ್ಲಿ ಗೌರವ ಬಂದಲ್ಲಿ ಲಿಂಗ ಮರೆಯಾಯಿತು. 'ಡಾಕ್ಟರು ಬಂದರು' ಎಂದರೆ ಬಂದವರು ಹೆಂಗಸೋ ಗಂಡಸೋ ಎಂಬುದು ಮಾತಿನಿಂದ ತಿಳಿಯುವುದಿಲ್ಲ, ತಿಳಿಯುವ ಅಗತ್ಯವೂ ಇಲ್ಲ.

ಆದರೆ ಈ 'ಅವರು' ಎಲ್ಲರಿಗೂ ದಕ್ಕಿದ ಮಾತಾಗಿರಲಿಲ್ಲ. ಇದನ್ನು ಮುಚ್ಚಿಡದೆ ಹೇಳಬೇಕು. ನಮ್ಮ ಅಜ್ಜಂದಿರ ಕಾಲದ ಹಳ್ಳಿಗಳಲ್ಲಿ ಹೊಲೆಯ ಮಾದಿಗರ ಕೇರಿಯ ಎಪ್ಪತ್ತರ ಹಿರಿಯನೂ ಜಮೀನ್ದಾರರ ಮನೆಯ ಹತ್ತು ವರ್ಷದ ಹುಡುಗನ ಬಾಯಲ್ಲಿ 'ಅವನು'. ಅದೇ ಹುಡುಗ ಆ ಹಿರಿಯನ ಬಾಯಲ್ಲಿ 'ಬುದ್ಧಿ', 'ಚಿಕ್ಕ ಧಣಿಗಳು'. ಮನೆಯೊಳಗೂ ಇದೇ. ಹೆಂಡತಿಗೆ ಗಂಡ 'ಅವರು', 'ನಮ್ಮನೆಯವರು'. ಹೆಸರು ಹೇಳುವಂತಿಲ್ಲವಾದ್ದರಿಂದ ಸರ್ವನಾಮವೇ ಅವನ ಹೆಸರು. ಗಂಡನಿಗೆ ಹೆಂಡತಿ 'ಇವಳು'. ಇಬ್ಬರೂ ಒಂದೇ ಸೂರಿನಡಿ ಐವತ್ತು ವರ್ಷ ಬಾಳಿದರೂ ಈ ಮಾತು ಅದಲುಬದಲಾಗಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಶಾಲೆ, ಬಸ್ಸು, ಕಚೇರಿ ಇವುಗಳೆಲ್ಲ 'ಬನ್ನಿ, ಕೂತ್ಕೊಳ್ಳಿ' ಎಂಬ ಮಾತನ್ನು ಸ್ವಲ್ಪ ಸ್ವಲ್ಪವಾಗಿ ಎಲ್ಲರ ಕಡೆಗೂ ಹರಿಸಿದವು. ಪೂರ್ತಿ ಹರಿದಿಲ್ಲ.

ರೇಡಿಯೋ ಕೂಡ ಇದರಲ್ಲಿ ಕೈಜೋಡಿಸಿತು ಎಂದು ನಾನು ನಂಬಿದ್ದೇನೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ಶುರುಮಾಡಿದಾಗ ಮಾತಾಡುವವರಿಗೆ ಎದುರಿಗೆ ಮೈಕಿನ ಹೊರತು ಇನ್ನೇನೂ ಕಾಣುತ್ತಿರಲಿಲ್ಲ. ಕೇಳುವವರು ಯಾವ ಜಾತಿ, ಗಂಡೋ ಹೆಣ್ಣೋ, ಹಿರಿಯರೋ ಕಿರಿಯರೋ? ಗೊತ್ತಿಲ್ಲ. 'ಕೇಳುಗರೇ' ಎಂದಷ್ಟೇ ಅನ್ನಬಹುದು. ಈಗಲೂ ನಾನು ನಿಮ್ಮನ್ನು ಕರೆಯುವುದು ಹಾಗೆಯೇ. ಮೊಬೈಲಿನ ಗುಂಪುಗಳಲ್ಲೂ ಮುಖ ಕಾಣುವುದಿಲ್ಲ. ಆದರೆ ಅಲ್ಲಿ ಹೆಸರಿನ ಮೊದಲಕ್ಷರವಷ್ಟೇ ಇದ್ದವರೆಲ್ಲ ತಾವಾಗಿ 'ಸರ್' ಆಗಿಬಿಡುತ್ತಾರೆ. ಗಿಡಗಳ ಬಗ್ಗೆ ಚೆನ್ನಾಗಿ ಬರೆಯುತ್ತಿದ್ದ ಒಬ್ಬರನ್ನು ನಾನೇ ಒಂದು ವರ್ಷ 'ಸರ್' ಎಂದು ಕರೆದಿದ್ದೆ. ಫೋನು ಮಾಡಿದಾಗ ಆ ಕಡೆಯಿಂದ ಕೇಳಿದ್ದು ಒಬ್ಬ ತಾಯಿಯ ದನಿ. ಅವರು ಅಷ್ಟು ದಿನವೂ ನನ್ನನ್ನು ತಿದ್ದಿರಲಿಲ್ಲ.

ಕಾನೂನಿನ ದಾರಿ ಬೇರೆ. 1860ರ ಭಾರತ ದಂಡ ಸಂಹಿತೆಯ 8ನೇ ಕಲಂ ಹೇಳಿದ್ದಿಷ್ಟು: 'ಅವನು' ಎಂಬ ಸರ್ವನಾಮ ಗಂಡಸಿಗೂ ಸಲ್ಲುತ್ತದೆ, ಹೆಂಗಸಿಗೂ ಸಲ್ಲುತ್ತದೆ. 1897ರ ಸಾಮಾನ್ಯ ಖಂಡಗಳ ಅಧಿನಿಯಮವೂ ಪುಲ್ಲಿಂಗದೊಳಗೆ ಸ್ತ್ರೀಯನ್ನು ಸೇರಿಸಿಕೊಂಡಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ವ್ಯಕ್ತಿಯ ಲಿಂಗ ಯಾವುದೆಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದು ತೀರ್ಪು ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಆ ಹಳೆಯ ಕಲಮಿಗೆ ಇನ್ನೊಂದು ಪದ ಸೇರಿಸಿದೆ: ಗಂಡು, ಹೆಣ್ಣು, ಟ್ರಾನ್ಸ್‌ಜೆಂಡರ್, ಮೂವರಿಗೂ 'ಅವನು' ಸಲ್ಲುತ್ತದೆ. ಮೂರನೆಯವರ ಹೆಸರು ಪುಸ್ತಕದಲ್ಲಿ ಬಂತು. ಸರ್ವನಾಮ ಮಾತ್ರ ನೂರರವತ್ತು ವರ್ಷದ ಹಿಂದಿನದೇ ಉಳಿಯಿತು.

ಕನ್ನಡದ ನೆಲದಲ್ಲಿ ಈ ಪ್ರಶ್ನೆಗೆ ಕಾನೂನಿಗಿಂತ ಹಳೆಯ ಉತ್ತರಗಳಿವೆ. ಮುದನೂರಿನ ನೇಕಾರ ಜೇಡರ ದಾಸಿಮಯ್ಯ, ಮೈಮೇಲಿನ ಗುರುತು ನೋಡಿ ಹೆಣ್ಣು ಗಂಡೆನ್ನುವ ಜನರಿಗೆ, 'ನಡುವೆ ಸುಳಿವ ಆತ್ಮ' ಎರಡೂ ಅಲ್ಲವೆಂದು ಹೇಳಿದವನು. ಸವದತ್ತಿಯ ಎಲ್ಲಮ್ಮನ ಗುಡ್ಡ, ತುಂಗಭದ್ರೆಯ ದಡದ ಹುಲಿಗಿ, ಇಲ್ಲಿ ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರು ಗಂಡಾಗಿ ಹುಟ್ಟಿದರೂ ಸೀರೆ ಉಟ್ಟು, ಕೊಡ ಹೊತ್ತು, ಚೌಡಿಕೆ ಹಿಡಿದು ಜೋಗಪ್ಪಂದಿರಾಗಿ, ಜೋಗತಿಯರಾಗಿ ಬಾಳಿದರು. ಬಾಗಿಲಿಗೆ ಬಂದ ಜೋಗತಿಗೆ 'ಅವ್ವ' ಎಂದೇ ಜೋಳ ಹಾಕಿದ ಮನೆಗಳಿವೆ. ಬಾಗಿಲಿಂದಾಚೆಗೆ ಅಟ್ಟಿದ ಮನೆಗಳೂ ಇವೆ. ಆ ಸಮುದಾಯದ ಒಳಗೆ ಮಾತ್ರ ಬಂಧುತ್ವದ ಮಾತುಗಳು ಗಟ್ಟಿಯಾಗಿ ನಿಂತಿವೆ. ಹಿರಿಯರು ಅಮ್ಮ, ಕಿರಿಯರು ಮಗಳು. ಬೆಂಗಳೂರಿನಲ್ಲಿ ಹಿಜ್ರಾ ಸಮುದಾಯದವರು ಕೂಡಿ ಬಾಳುವ ಹಮಾಮುಗಳಲ್ಲಿ ಗುರು, ಚೇಲಾ, ಗುರುವಿನ ಗುರುವಿಗೆ ನಾನಿ. ಹುಟ್ಟಿದ ಮನೆ 'ಮಗ' ಎಂಬ ಮಾತನ್ನು ಬಿಟ್ಟುಕೊಡದಿದ್ದಾಗ 'ಮಗಳೇ' ಎಂದು ಕರೆಯಲು ಅಲ್ಲೊಬ್ಬರು ತಾಯಿ ಇರುತ್ತಾರೆ. ಆ ಬದುಕನ್ನು ಬಾಳಿದ ಎ. ರೇವತಿಯವರ ಆತ್ಮಕಥೆಯನ್ನು ದು. ಸರಸ್ವತಿ 'ಬದುಕು ಬಯಲು' ಎಂಬ ಹೆಸರಲ್ಲಿ ಕನ್ನಡಕ್ಕೆ ತಂದಿದ್ದಾರೆ; ಓದಿ ನೋಡಿ, ಆ ಕರೆಗಾಗಿ ಮನುಷ್ಯರು ಎಷ್ಟು ದೂರ ನಡೆಯಬೇಕಾಯಿತೆಂದು ತಿಳಿಯುತ್ತದೆ.

ಅದೇ ಜೋಗತಿ ಪರಂಪರೆಯ ಮಂಜಮ್ಮ ಜೋಗತಿಯವರ ಜೀವನಕಥೆಗೆ ಅರುಣ್ ಜೋಳದಕೂಡ್ಲಿಗಿಯವರು 'ನಡುವೆ ಸುಳಿವ ಹೆಣ್ಣು' ಎಂಬ ಹೆಸರಿಟ್ಟಿದ್ದಾರೆ. ದಾಸಿಮಯ್ಯ ಆತ್ಮ ಎಂದಲ್ಲಿ ಇಲ್ಲಿ ಹೆಣ್ಣು ಎಂದಿದೆ. ಈ ಒಂದು ಪದದ ಬದಲಾವಣೆಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ಎರಡೂ ಅಲ್ಲ ಎನ್ನುವುದು ತತ್ತ್ವ. ಆದರೆ ಮಂಜಮ್ಮನವರಿಗೆ ಬೇಕಿದ್ದದ್ದು ಹೆಣ್ಣು ಎನ್ನಿಸಿಕೊಳ್ಳುವುದು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯಲು ಹೋದಾಗ ಅವರು ಮೊದಲು ಸೀರೆಯ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರು, ಆಮೇಲೆ ಪ್ರಶಸ್ತಿಗೆ ಕೈಯೊಡ್ಡಿದರು. ಮನೆಯ ಮಗ ದೂರದೂರಿಂದ ಬಂದಾಗ ನಮ್ಮ ಅಮ್ಮಂದಿರು ಹೊಸ್ತಿಲಲ್ಲಿ ಮಾಡುವ ಕೆಲಸವದು. ನೋಡಿದ ಯಾರಿಗೂ ಅವರನ್ನು ಏನೆಂದು ಕರೆಯಬೇಕೆಂಬ ಗೊಂದಲ ಉಳಿದಿರಲಾರದು.

ಹೊಸ ತಲೆಮಾರಿನ ಕಷ್ಟ ಇನ್ನೊಂದು ಬಗೆಯದು: 'ಅವನು' ಬೇಡ, 'ಅವಳು' ಕೂಡ ಬೇಡ ಎನ್ನುವವರಿಗೆ ಯಾವ ಮಾತು? ಇಂಗ್ಲಿಷಿನಲ್ಲಿ 'ದೇ' ಎಂಬ ಬಹುವಚನವನ್ನು ಒಬ್ಬ ವ್ಯಕ್ತಿಗೆ ಬಳಸುವ ರೂಢಿ ಹದಿನಾಲ್ಕನೆಯ ಶತಮಾನದಿಂದಲೂ ಇದೆ. ಸ್ವೀಡನ್ನಿನವರು 'ಹೆನ್' ಎಂಬ ಹೊಸ ಸರ್ವನಾಮವನ್ನು 2015ರಲ್ಲಿ ತಮ್ಮ ಅಕಾಡೆಮಿಯ ಪದಪಟ್ಟಿಗೇ ಸೇರಿಸಿದರು. ಚೀನೀ ಭಾಷೆಯ ಕಥೆ ತಿರುವುಮುರುವು: ಗಂಡಿಗೂ ಹೆಣ್ಣಿಗೂ ಸರ್ವನಾಮದ ಅಕ್ಷರ ಒಂದೇ ಇದ್ದಾಗ 1920ರಲ್ಲಿ ಲಿಯು ಬಾನ್‌ನಾಂಗ್ ಎಂಬ ಕವಿ ಹೆಣ್ಣಿಗಾಗಿ ಬೇರೆ ಅಕ್ಷರ ಬೇಕೆಂದು ವಾದಿಸಿ ಅದನ್ನು ಬಳಕೆಗೆ ತಂದ. ಕನ್ನಡಕ್ಕೆ ಹೊಸದನ್ನು ಕಟ್ಟುವ ತೊಂದರೆಯಿಲ್ಲ, 'ಅವರು' ಇದೆ. ಆದರೆ ಆ ಮಾತಿಗೆ ಗೌರವದ ಜೊತೆ ದೂರವೂ ಅಂಟಿಕೊಂಡಿದೆ. ಇಪ್ಪತ್ತರ ಗೆಳೆಯರು ಒಬ್ಬರ ಬಗ್ಗೆ ಒಬ್ಬರು 'ಅವರು ಬಂದರು' ಎಂದರೆ ಸ್ನೇಹ ತಣ್ಣಗಾದಂತೆ ಕೇಳಿಸುತ್ತದೆ. 'ಬಾರೋ', 'ಬಾರೇ' ಎಂಬ ಸಲಿಗೆಯ ಮಾತಿನಲ್ಲಿ ಮತ್ತೆ ಲಿಂಗ ಬಂದುಬಿಡುತ್ತದೆ. ಆದರೂ ನೋಡಿ, ನಮ್ಮ ತಾಯಂದಿರು ಮಗಳನ್ನು 'ಬಾರೋ ಕಂದ' ಎಂದು ಕರೆಯುವುದನ್ನು ನಾವು ಕೇಳಿಯೇ ಬೆಳೆದವರು. ಮುದ್ದು ಉಕ್ಕಿದಾಗ ಕನ್ನಡ ಈ ಗೆರೆಯನ್ನು ತಾನೇ ದಾಟುತ್ತದೆ.

ಕೊನೆಗೆ ನಾನು ಕಣ್ಣಾರೆ ಕಂಡದ್ದೊಂದನ್ನು ಹೇಳಬೇಕು. ಉತ್ತರ ಕರ್ನಾಟಕದ ಒಂದು ಊರಿನ ಆಸ್ಪತ್ರೆ. ಬೆಳಗಿನ ಹೊತ್ತು, ಚೀಟಿ ಮಾಡಿಸುವ ಕಿಟಕಿಯ ಮುಂದೆ ಗಂಡಸರದೊಂದು ಸಾಲು, ಹೆಂಗಸರದೊಂದು ಸಾಲು. ಹೆಂಗಸರ ಸಾಲಿನ ಮುಂದೆ ಹಸಿರು ಸೀರೆಯುಟ್ಟ ಒಬ್ಬರು ಮೊಣಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದರು. ಬಟ್ಟೆಯ ಮೇಲೆ ರಕ್ತದ ಕಲೆ ಒಣಗಿತ್ತು. ಕಿಟಕಿಯೊಳಗಿನವರು ತಲೆ ಎತ್ತಿ ನೋಡಿ, ಅವರೊಡನೆ ಮಾತಾಡದೆ, ಪಕ್ಕದ ಕಾವಲಿನವನಿಗೆ ಹೇಳಿದರು: 'ಇದನ್ನ ಆ ಸಾಲಿಗೆ ಕಳಸು.' ಮಗುವಿನ ಬಗ್ಗೆ ನಾವು ಹೇಳುವ 'ಇದು' ಎಂಬ ಮಾತೇ ಅದು, ಅಕ್ಷರವೂ ಬೇರೆಯಿಲ್ಲ. ಹಸಿರು ಸೀರೆಯವರು ಬೇರೇನೂ ಹೇಳಲಿಲ್ಲ. 'ನನಗೆ ಪೆಟ್ಟಾಗೇತ್ರಿ' ಎಂದಷ್ಟೇ ಅಂದರು. ಆ ಮಾತಿನಲ್ಲಿ ಅವರು ಯಾರೆಂದು ಹೇಳುವ ಜಾಗ ಕನ್ನಡದಲ್ಲಿ ಇರಲಿಲ್ಲ.

ಹಿಂದೆ ನಿಂತಿದ್ದ ಮುದುಕಿಯೊಬ್ಬಳು ಕೈಯಲ್ಲಿದ್ದ ಔಷಧಿಯ ಬಾಟಲಿಯನ್ನು ಕಿಟಕಿಯ ಕಟ್ಟೆಗೆ ಕುಕ್ಕಿದಳು. 'ಅಕಿ ನನಕಿಂತ ಮೊದಲ ಬಂದಾಳ್ರೀ,' ಅಂದಳು, 'ಅಕೀ ಚೀಟಿ ಮೊದಲ ಬರೀರಿ.'